ನಟನೆಯಿಂದ ನಿರ್ದೇಶನಕ್ಕೆ: ನಾನು ಮಾಡಿಕೊಂಡ ತಯಾರಿ

ಹಲವು ವರ್ಷ ನಟನೆ ಮಾಡಿ ಆಮೇಲೆ ನಿರ್ದೇಶನಕ್ಕೆ ಇಳಿದವನು ನಾನು. ನಟ ಆಗಿದ್ದರಿಂದ ಸುಲಭ ಆಯ್ತು ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸೆಟ್ ಅಂದರೆ ಭಯ ಇರಲಿಲ್ಲ, ಅಷ್ಟು ನಿಜ.

ಉಳಿದದ್ದನ್ನು ಕಲಿತದ್ದು ಎಡಿಟಿಂಗ್ ರೂಮಿನಲ್ಲಿ. ನಾನು ನಟಿಸಿದ ಸಿನಿಮಾಗಳ ಎಡಿಟರ್‌ಗಳನ್ನು ಕೇಳಿಕೊಂಡು ಹಿಂದೆ ಸುಮ್ನೆ ಕೂತಿರುತ್ತಿದ್ದೆ. ನಟನಾದವನು ತನ್ನ ಡೈಲಾಗ್ ಬಂದಾಗ ಕ್ಯಾಮೆರಾ ತನ್ನ ಮೇಲೇ ಇರುತ್ತೆ ಅಂದುಕೊಂಡಿರುತ್ತಾನೆ. ಎಡಿಟರ್ ಮಾತ್ರ ನನ್ನ ಮಾತಿನ ಅರ್ಧದಲ್ಲೇ ಕಟ್ ಮಾಡಿ, ಅದನ್ನು ಕೇಳಿಸಿಕೊಳ್ಳುತ್ತಿರುವವರ ಮುಖ ಹಾಕುತ್ತಿದ್ದರು, ದೃಶ್ಯಕ್ಕೆ ತೂಕ ಬರುತ್ತಿದ್ದದ್ದೇ ಅಲ್ಲಿ. ಹಾಗಾಗಿ ನನ್ನ ಸಿನಿಮಾದಲ್ಲಿ ರಿಯಾಕ್ಷನ್ ಶಾಟ್ ಅಂತ ಎರಡು ಸಾಲಿಗೆ ಮಾತ್ರ ತೆಗೆದು ಮುಂದೆ ಹೋಗಲಿಲ್ಲ. ಕೇಳುವವರ ಕ್ಲೋಸಪ್ಪನ್ನೂ ದೃಶ್ಯದ ಮೊದಲಿನಿಂದ ಕೊನೆವರೆಗೂ ತೆಗೆದೆ. ಇದಕ್ಕೆ ಟೈಮ್ ಜಾಸ್ತಿ ಬೇಕು, ನಿರ್ಮಾಪಕರ ಮುಖವೂ ಸ್ವಲ್ಪ ಬಾಡುತ್ತೆ.

ಇನ್ನೊಂದು ನಿಯಮ ನಟನಾಗಿ ನಾನೇ ಅನುಭವಿಸಿದ್ದರಿಂದ ಬಂದದ್ದು. ಕ್ಲೋಸಪ್ ತೆಗೆಯುವಾಗ ಎದುರಿನ ಕಲಾವಿದರು ಹೊರಟುಹೋಗಿರುತ್ತಾರೆ, ಯಾರೋ ಅಸಿಸ್ಟೆಂಟ್ ಹಾಳೆ ನೋಡಿಕೊಂಡು ಡೈಲಾಗ್ ಓದುತ್ತಾನೆ, ನೀವು ಅದನ್ನು ಕೇಳಿ ಅಳಬೇಕು! ನನ್ನ ಸೆಟ್ಟಿನಲ್ಲಿ ಎದುರಿನವರು ಕ್ಯಾಮೆರಾ ಪಕ್ಕದಲ್ಲೇ ನಿಂತು ಪೂರ್ತಿ ಭಾವದಲ್ಲಿ ಡೈಲಾಗ್ ಕೊಡಬೇಕಿತ್ತು.

ನಟಿಸಿ ತೋರಿಸುವ ಚಪಲ ಇದೆಯಲ್ಲ, ಅದನ್ನು ಬಿಡೋದು ತುಂಬಾ ಕಷ್ಟ. ನಾನು ಮಾಡಿ ತೋರಿಸಿದರೆ ಕಲಾವಿದರು ನನ್ನನ್ನೇ ನಕಲು ಮಾಡುತ್ತಾರೆ, ಪಾತ್ರ ಅಲ್ಲೇ ಮುಗಿಯಿತು. 'ಇನ್ನೂ ಸ್ವಲ್ಪ ದುಃಖ ಬೇಕು' ಅನ್ನೋ ಮಾತಿನಿಂದಲೂ ಉಪಯೋಗವಿಲ್ಲ, ದುಃಖ ಅಳತೆ ಮಾಡಿ ಸುರಿಯೋಕೆ ಆಗುತ್ತಾ? 'ಅವಳು ಬಾಗಿಲು ದಾಟಬಾರದು, ಆದರೆ ನೀವು ಕೈ ಹಿಡಿಯೋ ಹಾಗಿಲ್ಲ, ಮಾತಲ್ಲೇ ನಿಲ್ಲಿಸಿ' ಅಂದರೆ ಸಾಕು. ಮಾಡೋಕೆ ಒಂದು ಕೆಲಸ ಸಿಕ್ಕಿದ ತಕ್ಷಣ ಮುಖ ತಾನಾಗಿ ಬದಲಾಗುತ್ತೆ.

ನಿರ್ದೇಶಿಸಿದ ಮೊದಲ ಸಿನಿಮಾದಲ್ಲಿ ನಾನು ಚಿಕ್ಕ ಪಾತ್ರ ಮಾತ್ರ ಮಾಡಿದೆ. ಶಂಕರ್‌ನಾಗ್ 1978ರಲ್ಲಿ ನಟನಾಗಿ ತೆರೆಗೆ ಬಂದು, 1980ರ ಹೊತ್ತಿಗೆ ತಾನೇ ನಟಿಸಿ ನಿರ್ದೇಶನವನ್ನೂ ಮಾಡಿದ್ದರು ನಿಜ, ಆದರೆ ಅವರು ರಂಗಭೂಮಿಯಲ್ಲಿ ಪಳಗಿ ಬಂದವರು. ಹಾಲಿವುಡ್ ಹಾಸ್ಯನಟ ಜೆರ್ರಿ ಲೂಯಿಸ್ ಅಂತೂ 1960ರಲ್ಲಿ ತನ್ನ ಮೊದಲ ನಿರ್ದೇಶನದ ಹೊತ್ತಿಗೇ, ನಟಿಸುತ್ತಾ ತನ್ನನ್ನು ತಾನು ನೋಡಿಕೊಳ್ಳೋಕೆ ಅಂತ ಫಿಲ್ಮ್ ಕ್ಯಾಮೆರಾ ಜೊತೆ ವಿಡಿಯೋ ಕ್ಯಾಮೆರಾ ಇಟ್ಟುಕೊಂಡರು. ಈಗ ಮಾನಿಟರ್ ಎಲ್ಲ ಸೆಟ್ಟಿನಲ್ಲೂ ಇದೆ, ಹಾಗಾಗಿ ಬೇರೆ ತೊಂದರೆ. ಪ್ರತಿ ಟೇಕ್ ಆದ ಮೇಲೂ ಪ್ಲೇಬ್ಯಾಕ್ ನೋಡಿದರೆ ಬೆಳಕು ಹೋಗುತ್ತೆ, ಜೊತೆಗೆ ಕಣ್ಣು ನಮ್ಮ ಮುಖದ ಮೇಲೇ ಇರುತ್ತೆ. ನನ್ನ ಶಾಟ್ ಓಕೆ ಅನ್ನೋ ಅಧಿಕಾರವನ್ನು ಅಸೋಸಿಯೇಟ್ ಡೈರೆಕ್ಟರ್‌ಗೆ ಬಿಟ್ಟಿದ್ದೆ. ಆಕೆ 'ಇನ್ನೊಂದು ಟೇಕ್ ಹೋಗೋಣ ಸರ್' ಅಂದರೆ ನಾನು ಯಾಕೆ ಅಂತಲೂ ಕೇಳುತ್ತಿರಲಿಲ್ಲ.