ಕಾರಿನ ಚರ್ಮದ ಸೀಟು ಬಿರಿದಿದೆಯೇ? ಮನೆಯಲ್ಲೇ ಸರಿಮಾಡಿ

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಜಾಸ್ತಿ. ಆ ಕಾವಿಗೆ ಚರ್ಮದ ಸೀಟು ಒಣಗಿ ಬಿರಿಯುತ್ತದೆ. ಮೊದಲು ಕೆಡುವುದು ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು. ಹತ್ತಿ ಇಳಿಯುವಾಗ ಪ್ಯಾಂಟು ಉಜ್ಜುವುದು ಅಲ್ಲೇ ಅಲ್ವಾ?

ಸಾಮಾನು ತರುವ ಮೊದಲು ಅದು ಚರ್ಮವೋ ರೆಕ್ಸಿನ್ನೋ ನೋಡಿ. ‘ಲೆದರ್ ಸೀಟು’ ಎಂದು ಹೇಳಿಕೊಳ್ಳುವ ಎಷ್ಟೋ ಸೀಟುಗಳು ರೆಕ್ಸಿನ್ನೇ. ಹರಿದ ಜಾಗದಲ್ಲಿ ಹಿಂಬದಿ ತಿರುವಿ ನೋಡಿದರೆ ಗೊತ್ತಾಗುತ್ತದೆ. ನೇಯ್ದ ಬಟ್ಟೆ ಕಂಡರೆ ರೆಕ್ಸಿನ್, ಎಳೆ ಎಳೆಯಾಗಿ ಮೆತ್ತಗಿದ್ದರೆ ಚರ್ಮ. ರೆಕ್ಸಿನ್ನಿನ ಮೇಲ್ಪದರ ಹಪ್ಪಳದಂತೆ ಏಳುತ್ತಿದ್ದರೆ ಬಣ್ಣ ಬಳಿದು ಉಪಯೋಗವಿಲ್ಲ. ಸೀಟಿನ ಅಂಗಡಿಗೆ ಒಯ್ದು ಆ ಭಾಗ ಬದಲಿಸಿಬಿಡಿ.

ಚರ್ಮವೇ ಆಗಿದ್ದರೆ, ಬೆಳಗ್ಗೆ ನೆರಳಲ್ಲಿ ಕೆಲಸ ಶುರು ಮಾಡಿ. ಕಾದ ಸೀಟಿಗೆ ಹಚ್ಚಿದ ಫಿಲ್ಲರ್ (ಬಿರುಕು ತುಂಬುವ ಪೇಸ್ಟ್) ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಅರ್ಧ ಕೆಲಸ ತೊಳೆಯುವುದರಲ್ಲೇ ಇದೆ. ಎರೆಮಣ್ಣಿನ ಧೂಳು, ಬೆವರು, ತಲೆಗೆ ಹಚ್ಚಿದ ಎಣ್ಣೆ ಎಲ್ಲ ಕೂತಿರುತ್ತದೆ. ಅದರ ಮೇಲೆ ಏನು ಹಚ್ಚಿದರೂ ಕಿತ್ತು ಬರುತ್ತದೆ. ಹೊಲಿಗೆಯ ಸಂದಿಯ ಧೂಳು ತೆಗೆಯಿರಿ. ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರು ಸುರಿಯಬೇಡಿ. ಚೆನ್ನಾಗಿ ಒಣಗಿದ ಮೇಲೆ ಸವೆದ ಜಾಗಕ್ಕೆ ಮಾತ್ರ ಜಿಡ್ಡು ತೆಗೆಯುವ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆ ಆಡಿಸಿ. ಬಟ್ಟೆಗೆ ಸ್ವಲ್ಪ ಬಣ್ಣ ಬಂದರೆ ಹೆದರಬೇಡಿ.

ಎದ್ದ ಚೂರುಗಳನ್ನು 600 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ತಿಕ್ಕಿ. ಬಿರುಕಿಗೆ ಚರ್ಮದ ಫಿಲ್ಲರನ್ನು ಹಳೆ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಇನ್ನೊಂದು ಪದರ. ಒಂದೇ ಸಲ ದಪ್ಪ ಮೆತ್ತಿದರೆ ಕುಗ್ಗಿ ಮತ್ತೆ ಬಿರಿಯುತ್ತದೆ. ಹರಿದಿದ್ದರೆ ಒಳಗಿನಿಂದ ಬಟ್ಟೆ ತುಂಡು ತೂರಿಸಿ, ಬಾಗುವಂಥ ಚರ್ಮದ ಗಮ್ಮಿನಿಂದ ಅಂಚು ಕೂಡಿಸಿ. ಫೆವಿಕ್ವಿಕ್ ಬೇಡವೇ ಬೇಡ, ಗಟ್ಟಿಯಾಗಿ ಮುರಿಯುತ್ತದೆ. ಇನ್ನು ಸೀಟಿನ ಒರಗುವ ಭಾಗದಲ್ಲಿ ‘ಏರ್‌ಬ್ಯಾಗ್’ ಚೀಟಿ ಇದ್ದರೆ ಅಲ್ಲಿನ ಹೊಲಿಗೆಗೆ ಗಮ್, ಸೂಜಿ ಎರಡೂ ಮುಟ್ಟಿಸಬೇಡಿ. ಅದು ಸರ್ವಿಸ್ ಸೆಂಟರಿನವರ ಕೆಲಸ.

ಚರ್ಮಕ್ಕೆ ಹಚ್ಚುವ ಬಣ್ಣವನ್ನು ಮೊದಲು ಸೀಟಿನ ಅಡಿ, ಕಾಣದ ಕಡೆ ಹಚ್ಚಿ, ಒಣಗಿದ ಮೇಲೆ ನೋಡಿ. ಹಸಿಯಿದ್ದಾಗ ಬೇರೆಯೇ ಕಾಣುತ್ತದೆ. ಹೊಂದಿದರೆ ಸ್ಪಂಜಿನಿಂದ ಮೂರು ನಾಲ್ಕು ತೆಳು ಪದರ ಒತ್ತಿ, ನಡುವೆ ಒಣಗಲು ಬಿಡಿ. ಕೊನೆಗೆ ಹೊಳಪಿಲ್ಲದ ಟಾಪ್ ಕೋಟ್ (ಬಣ್ಣ ಕಾಯುವ ಮೇಲ್ಪದರ) ಕೊಡಿ. ಅದನ್ನು ಬಿಟ್ಟರೆ ಬಣ್ಣ ಬಿಳಿ ಪ್ಯಾಂಟಿಗೆ ಹತ್ತುತ್ತದೆ. 24 ಗಂಟೆ ಆ ಸೀಟಲ್ಲಿ ಯಾರನ್ನೂ ಕೂರಿಸಬೇಡಿ. ಹೊಳಪು ಬರಲಿ ಎಂದು ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಸುಮ್ನೆ ತಿಕ್ಕಬೇಡಿ. ಧೂಳು ಹಿಡಿಯುತ್ತದೆ, ಬಟ್ಟೆಗೂ ಕಲೆ.