ಡೈರಿ ಬೋರ್ಡಿನ ಮೇಲೆ ವಾರದ ಹವಾಮಾನ

ಅಕ್ಟೋಬರ್ ಎರಡನೇ ವಾರ ಬಂದರೆ ಚಿತ್ರದುರ್ಗ ಜಿಲ್ಲೆಯ ನಮ್ಮ ಭರಮಸಾಗರದ ಕಡೆ ಎಲ್ಲ ಕೆಲಸವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಮೆಕ್ಕೆಜೋಳ ಮುರಿಯಬೇಕು, ಕಿತ್ತ ಈರುಳ್ಳಿ ಒಣಗಬೇಕು, ಎರೆಹೊಲ ಇದ್ದವರು ಕಡಲೆ ಬಿತ್ತಬೇಕು. ಟಿವಿಯವರು ಮಾತ್ರ 'ಹಿತಕರ ವಾತಾವರಣ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಪ್ರವಾಹ ಇಲ್ಲ, ಬಿಸಿಲ ಧಗೆ ಇಲ್ಲ, ಹಾಗಾಗಿ ಸುದ್ದಿಯೂ ಇಲ್ಲ. ನಮಗೆ ಹವಾಮಾನದ ಮಾತು ಜಾಸ್ತಿ ಬೇಕಾಗುವುದು ಆ ವಾರದಲ್ಲೇ. ಹೇಗೂ ನಮ್ಮೂರ ಹಾಲಿನ ಡೈರಿಯ ಲೆಕ್ಕ ನೋಡುವವನು ನಾನೇ. ಹಾಲಿನ ದರ ಬರೆಯುವ ಬೋರ್ಡಿನ ಅರ್ಧ ಜಾಗವನ್ನು ಹವಾಮಾನಕ್ಕೆ ಬಿಟ್ಟುಕೊಟ್ಟೆ.

ರಾಜ್ಯ ಮಟ್ಟದ ಮುನ್ಸೂಚನೆಯನ್ನು ನೇರವಾಗಿ ಬೋರ್ಡಿಗೆ ಇಳಿಸಿದರೆ ಪ್ರಯೋಜನವಿಲ್ಲ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಅಂತ ಮೂರು ಭಾಗ ಮಾಡಿದೆ. ಚಿತ್ರದುರ್ಗ, ದಾವಣಗೆರೆ ಎರಡೂ ದಕ್ಷಿಣ ಒಳನಾಡಿಗೆ ಸೇರುತ್ತವೆ. ಕೊಡಗು ಕೂಡ ಅದರಲ್ಲೇ ಇದೆ! ಮಡಿಕೇರಿಗೂ ಚಳ್ಳಕೆರೆಗೂ ಒಂದೇ ಸಾಲಿನ ಮುನ್ಸೂಚನೆ ಅಂದರೆ ಅದನ್ನು ನಂಬಿ ಯಾರು ಕಾಳು ಹರವುತ್ತಾರೆ? ಅದಕ್ಕೇ ನಾನು ಜಿಲ್ಲಾವಾರು ಮುನ್ಸೂಚನೆಯನ್ನೇ ನೋಡುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಅಂತಲೇ ಕೃಷಿ ಹವಾಮಾನ ಸಲಹೆ ಬರುತ್ತದೆ. 'ಮೇಘದೂತ್' ಆ್ಯಪಿನಲ್ಲೂ ಅದು ಸಿಗುತ್ತದೆ. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿಯ ದಿಕ್ಕು ಎಲ್ಲ ಅದರಲ್ಲಿರುತ್ತದೆ. ಮೊದಲ ಎರಡು ಮೂರು ದಿನದ್ದನ್ನು ಗಟ್ಟಿಯಾಗಿ ಬರೆಯುತ್ತೇನೆ. ಆಮೇಲಿನದ್ದಕ್ಕೆ 'ನೋಡೋಣ' ಅಂತ ಸೇರಿಸುತ್ತೇನೆ. ಏಳನೇ ದಿನದ ಮಳೆಯನ್ನು ಗಂಟೆ ಸಮೇತ ತೋರಿಸುವ ಮೊಬೈಲ್ ಆ್ಯಪ್‌ಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಲಾಖೆಯ ಮಾತಿಗೆ ಅಳತೆ ಇದೆ. 'ಒಂದೆರಡು ಕಡೆ ಮಳೆ' ಅಂದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. 'ಹಲವೆಡೆ' ಅಂದರೆ ಅರ್ಧಕ್ಕಿಂತ ಜಾಸ್ತಿ. 'ಹಗುರ ಮಳೆ' ಅಂದರೆ 24 ಗಂಟೆಯಲ್ಲಿ 15.5 ಮಿಲಿಮೀಟರ್ ಒಳಗೆ, 64.5 ದಾಟಿದರೆ ಮಾತ್ರ 'ಭಾರಿ'. ಕಣದಲ್ಲಿ ಕಾಳು ಹರವಿದವನಿಗೆ 'ಹಗುರ' ಅನ್ನುವ ಮಾತೇ ಸುಳ್ಳು. ಐದು ಮಿಲಿಮೀಟರ್ ಬಿದ್ದರೂ ಎರಡು ದಿನದ ಒಣಗಿಸುವಿಕೆ ದಂಡ. ಆದ್ದರಿಂದ ಎಷ್ಟು ಮಳೆ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಮಳೆ ಅನ್ನುವುದನ್ನು ನಾನು ಮುಖ್ಯ ಮಾಡಿಕೊಂಡೆ.

ಇದನ್ನು ನನಗೆ ಕಲಿಸಿದ್ದು ಹಾಲು ಹಾಕಲು ಬರುವ ಒಬ್ಬ ಅಜ್ಜಿ. ನಾನು ತೇವಾಂಶ, ಮೋಡದ ಪ್ರಮಾಣ ಎಲ್ಲ ಚೆಂದಾಗಿ ಬರೆದಿದ್ದೆ. ಅಜ್ಜಿ ಕ್ಯಾನು ಕೆಳಗಿಟ್ಟು, 'ಅದೆಲ್ಲ ಇರ್ಲಪ್ಪಾ, ನಾಳೀಕೆ ಕಾಳು ಹರವ್ಲಾ ಬ್ಯಾಡ್ವಾ?' ಅಂದರು. ಅವತ್ತಿನಿಂದ ಬೋರ್ಡಿನಲ್ಲಿ ಹೀಗೆ ಬರೆಯತೊಡಗಿದೆ:

'ಶನಿವಾರದಿಂದ ಸೋಮವಾರ: ಬೆಳಗ್ಗೆ ಇಬ್ಬನಿ, 9 ಗಂಟೆ ಮೇಲೆ ಹರವಿ. 3ಕ್ಕೆ ರಾಶಿ ಮಾಡಿ, ತಾಡಪಾಲು ಹತ್ತಿರ ಇರಲಿ. ಹಗಲು 30, ರಾತ್ರಿ 20ರ ಆಸುಪಾಸು. ಮಂಗಳವಾರದ ನಂತರ ಮೂಡಲ ಗಾಳಿ, ಮೋಡ. ನೋಡೋಣ.'

ಈ ಗಂಟೆಗಳು ಸುಮ್ನೆ ಬಂದವಲ್ಲ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ, ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ, ರಾತ್ರಿ ಆಕಾಶ ತಿಳಿಯಾಗುತ್ತದೆ. ನೆಲ ಬೇಗ ತಣ್ಣಗಾಗಿ ಇಬ್ಬನಿ ಬೀಳುತ್ತದೆ. ಬೆಳಗ್ಗೆಯೇ ಕಾಳು ತೆರೆದಿಟ್ಟರೆ ಒಣಗುವ ಬದಲು ತೇವ ಎಳೆದುಕೊಳ್ಳುತ್ತದೆ. ಹಗಲು ನೆಲ ಕಾದಂತೆ ಬಿಸಿ ಗಾಳಿ ಮೇಲೇರುತ್ತದೆ. ಅದರಲ್ಲಿ ತೇವ ಇದ್ದರೆ ಮೂರು ಗಂಟೆ ಸುಮಾರಿಗೆ ಮೋಡ ಒಟ್ಟಿ, ಸಂಜೆಗೆ ಗುಡುಗು. ಚಿತ್ತೆ ಮಳೆಯ ಕಾಟವೇ ಇದು. ಬೆಳಗ್ಗೆ ಆಕಾಶ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಬ್ಬರ ಹೊಲದಲ್ಲಿ ನೀರು ಹರಿದಿರುತ್ತದೆ, ಬದುವಿನಾಚೆ ದೂಳು ಹಾರುತ್ತಿರುತ್ತದೆ.

ಸಂಜೆಯ ಆ ಮಳೆಗೆ ನನಗೆ ಒದಗಿದ್ದು 'ದಾಮಿನಿ' ಆ್ಯಪ್. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿಡಿಲಿನ ಎಚ್ಚರಿಕೆಗೆ ಅಂತ ಮಾಡಿದ್ದು. ನಾವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಇದ್ದರೆ ತೋರಿಸುತ್ತದೆ. ಕುರಿ ಕಾಯುವವರಿಗೆ ಇದು ಜೀವ ಉಳಿಸುವ ಮಾತು, ಕಣದವರಿಗೆ ಕಾಳು ಉಳಿಸುವ ಮಾತು. ಜಗಳೂರು ಕಡೆ ಸಿಡಿಲು ಕಾಣಿಸಿ, ಗಾಳಿಯೂ ಆ ದಿಕ್ಕಿನಿಂದ ಬೀಸುತ್ತಿದ್ದರೆ ಡೈರಿಯ ಹುಡುಗನನ್ನು ಕಣಗಳ ಕಡೆ ಓಡಿಸುತ್ತೇನೆ. ರಾಶಿ ಮಾಡಿ ಮುಚ್ಚುವಷ್ಟು ಹೊತ್ತು ಸಾಮಾನ್ಯವಾಗಿ ಸಿಗುತ್ತದೆ.

ಗಾಳಿಯ ದಿಕ್ಕು ನೋಡಲು ನಮಗೆ ಆ್ಯಪೇ ಬೇಕಿಲ್ಲ. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳಿವೆ, ಅಲ್ವಾ? ಅವು ಗಾಳಿ ಬರುವ ಕಡೆಗೇ ಮುಖ ತಿರುಗಿಸುತ್ತವೆ. ಮುಂಗಾರಿನಲ್ಲಿ ಪಡುವಲಕ್ಕೆ ಮುಖ ಮಾಡಿ ಜೋರಾಗಿ ತಿರುಗುವ ಫ್ಯಾನುಗಳು ಅಕ್ಟೋಬರಿನಲ್ಲಿ ಕೆಲವು ದಿನ ನಿಂತೇ ಇರುತ್ತವೆ. ಆಮೇಲೆ ಮೂಡಲಕ್ಕೆ ತಿರುಗುತ್ತವೆ. ಸಂತೆಗೋ ಆಸ್ಪತ್ರೆಗೋ ದುರ್ಗಕ್ಕೆ ಹೋಗಿ ಬಂದವರನ್ನು ನಾನು ಮೊದಲು ಕೇಳುವುದೇ ಅದನ್ನು. ಮೂಡಲ ಗಾಳಿ ಹಿಡಿಯಿತು ಅಂದರೆ ಇನ್ನು ನಮ್ಮ ಮಳೆ ಬಂಗಾಳಕೊಲ್ಲಿಯ ಕೈಯಲ್ಲಿ. ಅಲ್ಲಿ ವಾಯುಭಾರ ಕುಸಿದು ತಮಿಳುನಾಡು ಇಲ್ಲವೇ ಆಂಧ್ರದ ಕರಾವಳಿ ಕಡೆ ಬಂದರೆ ಇಲ್ಲಿ ಒಂದೆರಡು ದಿನ ಮೋಡ ಮುಸುಕಿ ಜಿಟಿಜಿಟಿ ಹಿಡಿಯಬಹುದು. ಗುಡುಗು ಮಳೆಗಿಂತ ಅದೇ ಕೆಟ್ಟದ್ದು. ಹೊಡೆದು ಹೋಗುವುದಿಲ್ಲ, ಬಿಸಿಲೂ ಬಿಡುವುದಿಲ್ಲ. ಕಿತ್ತು ಹಾಕಿದ ಈರುಳ್ಳಿ ಕೊಳೆಯುವುದು, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯುವುದು ಆಗಲೇ. ಕಾಳಿನ ತೇವ ಶೇ 14ರ ಹತ್ತಿರಕ್ಕೆ ಇಳಿಯದಿದ್ದರೆ ಮಾರುಕಟ್ಟೆಯಲ್ಲಿ ದರ ಕಡಿಯುತ್ತಾರೆ. ಕೊಲ್ಲಿಯಲ್ಲಿ ಹಾಗೇನಾದರೂ ಏಳುವ ಸೂಚನೆ ಇದ್ದರೆ ಶುಕ್ರವಾರದ ತನಕ ಕಾಯುವುದಿಲ್ಲ, ಅವತ್ತೇ ಬೋರ್ಡು ಒರೆಸಿ ಬರೆಯುತ್ತೇನೆ: 'ಈರುಳ್ಳಿ ಕೀಳಬೇಡಿ.'

'ಒಳ್ಳೆಯ ಹವಾಮಾನ' ಅಂತ ಮಾತ್ರ ಎಂದೂ ಬರೆಯುವುದಿಲ್ಲ. ಮೆಕ್ಕೆಜೋಳದವನು ಬಿಸಿಲು ಕೇಳುವ ವಾರದಲ್ಲೇ ಕಡಲೆ ಬಿತ್ತುವವನು ಒಂದು ಹದ ಮಳೆಗೆ ಕಾಯುತ್ತಿರುತ್ತಾನೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಹಾಲು ಹಾಕುವವರು. ಮಳೆ ಬಿದ್ದಿತು ಅಂದರೆ ಒಬ್ಬ ನನಗೆ ಬೈಯುತ್ತಾನೆ, ಇನ್ನೊಬ್ಬ ಟೀ ಕೊಡಿಸುತ್ತಾನೆ.