ಒರೆಸಿದರೂ ಹೋಗದ ಬಣ್ಣ

ನಾನು ಶಿರಸಿ ಕಡೆಯವನು. ಹಗಲು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಯಾರಾದರೂ ಕರೆದರೆ ಹೋಗಿ ವೇಷ ಮಾಡುತ್ತೇನೆ, ಹವ್ಯಾಸಿ ಯಕ್ಷಗಾನ. ಆರು ವರ್ಷದ ಹಿಂದೆ ಮಾರ್ಚ್ ಕೊನೆಯಲ್ಲಿ ಕುಮಟಾ ಹತ್ತಿರ ಒಂದು ಆಟ ಮುಗಿಸಿ, ಚೌಕಿಯಲ್ಲಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದೆ. ಒರೆಸಿದೆ. ಮತ್ತೆ ಎಣ್ಣೆ ಹಚ್ಚಿ ಒರೆಸಿದೆ. ಪಕ್ಕದಲ್ಲಿದ್ದ ಹಿರಿಯ ವೇಷಧಾರಿಯೊಬ್ಬರು ನೋಡಿ ನಕ್ಕರು. "ಸಾಕು ಮಾರಾಯ, ಬಣ್ಣ ಹೋಗಿ ಆಯ್ತು. ಅದು ನಿನ್ನ ಚರ್ಮ."

ಕನ್ನಡಿ ಹತ್ತಿರ ಹಿಡಿದೆ. ಹೌದು, ಮುಖ ಕಪ್ಪಾಗಿತ್ತು. ಬಿಸಿಲಿನ ಕಪ್ಪಲ್ಲ, ಹೊಗೆ ಹಿಡಿದ ಹಾಗೆ. ವಸಡಿನ ಮೇಲೂ ಅಲ್ಲಲ್ಲಿ ಕಪ್ಪು ಮಚ್ಚೆ. ಬೆರಳಿನ ಗೆಣ್ಣು, ಅಂಗೈ ಗೆರೆ, ಮೊಣಕೈಯ ಹಳೇ ಗಾಯದ ಕಲೆ ಎಲ್ಲಾ ಅದೇ ಬಣ್ಣ.

ಆ ಹೊತ್ತಿಗೆ ಮೂರು ತಿಂಗಳಿಂದ ಮೈ ಸೋತಿತ್ತು. ಎಂಟು ಕಿಲೋ ಇಳಿದಿದ್ದೆ. ಮಂಡಿ ಹಾಕಿ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು, ಭಾಗವತರ ಪದ ದೂರದಿಂದ ಕೇಳಿದ ಹಾಗೆ ಆಗುತ್ತಿತ್ತು. ಉಪ್ಪಿನ ಚಪಲ ಬೇರೆ. ಸಾಣಿಕಟ್ಟೆಯ ಹರಳುಪ್ಪನ್ನು ಕಲ್ಲುಸಕ್ಕರೆ ತರಹ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅಪ್ಪೆಮಿಡಿ ಭರಣಿಯ ನೀರನ್ನು ಕದ್ದು ಕುಡಿದು ಹೆಂಡತಿ ಕೈಗೆ ಸಿಕ್ಕಿಬಿದ್ದದ್ದೂ ಇದೆ.

ಎಲ್ಲರದ್ದೂ ಒಂದೇ ಮಾತು, ಟೆನ್ಶನ್. ಹೇಳುವುದಕ್ಕೆ ಕಾರಣವೂ ಇತ್ತು ಅನ್ನಿ. ಮಾರ್ಚ್ ಎಂಡ್, ಆಡಿಟ್, ವಸೂಲಾಗದ ಸಾಲದ ಪಟ್ಟಿ, ಮಗಳ ಎಸ್ಸೆಸ್ಸೆಲ್ಸಿ. ಆಯಿ ದಿನಾ ಹೇಳುತ್ತಿದ್ದಳು, "ತಮಾ, ಟೆನ್ಶನ್ ಮಾಡಡ." ಒಬ್ಬ ಡಾಕ್ಟರು ವಿಟಮಿನ್ ಕೊಟ್ಟರು, ಇನ್ನೊಬ್ಬರು ನಿದ್ದೆ ಮಾತ್ರೆ ಬರೆದರು. ಇಬ್ಬರೂ ನನ್ನ ಕೈ ನೋಡಲಿಲ್ಲ.

ಕೈ ನೋಡಿದವರು ಹುಬ್ಬಳ್ಳಿಯ ಡಾಕ್ಟರಮ್ಮ, ಹಾರ್ಮೋನ್ ತಜ್ಞೆ. ಮಾತಾಡುವ ಮೊದಲೇ ಅಂಗೈ ಬಿಡಿಸಿ ನೋಡಿದರು. "ಯಾವಾಗಾದರೂ ಟಿಬಿ ಆಗಿತ್ತಾ?" ಆಗಿತ್ತು, ಹದಿನಾಲ್ಕು ವರ್ಷದ ಹಿಂದೆ, ಕುತ್ತಿಗೆಯ ಗಂಟಿಗೆ. ಪೂರ್ತಿ ಮಾತ್ರೆ ತಿಂದು ಮುಗಿಸಿ ಮರೆತೇ ಬಿಟ್ಟಿದ್ದೆ. ಮಲಗಿಸಿ ಬಿಪಿ ನೋಡಿದರು, ಮೇಲಿನದ್ದು 96. ನಿಲ್ಲಿಸಿ ನೋಡಿದರು, 74. ಮಾರನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ರಕ್ತ ತೆಗೆದರು. ಕಾರ್ಟಿಸಾಲ್ ಅಂದರೆ ಮೈಗೆ ಒತ್ತಡ ತಡೆಯುವ ಬಲ ಕೊಡುವ ಹಾರ್ಮೋನ್, ದಿನದಲ್ಲಿ ಅದು ಅತಿ ಹೆಚ್ಚು ಇರುವುದೇ ಬೆಳಗಿನ ಹೊತ್ತು. ಆಗಲೂ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗೆ ಬಂದರೆ ಅದನ್ನು ತಯಾರಿಸುವ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟಿದೆ ಎಂದೇ ಹೆಚ್ಚುಕಡಿಮೆ ಲೆಕ್ಕವಂತೆ. ನನ್ನದು 1.8. ಸೋಡಿಯಂ 135ಕ್ಕಿಂತ ಮೇಲಿರಬೇಕಾದದ್ದು 124. ಸ್ಕ್ಯಾನಿನಲ್ಲಿ ಎರಡೂ ಗ್ರಂಥಿ ಮುರುಟಿಹೋಗಿ, ಒಳಗೆ ಸುಣ್ಣದ ಚುಕ್ಕೆ. ಹಳೇ ಟಿಬಿಯ ಗುರುತು.

ಅಡಿಸನ್ ಕಾಯಿಲೆ. ಲಂಡನ್ನಿನ ಥಾಮಸ್ ಅಡಿಸನ್ ಇದನ್ನು 1855ರಲ್ಲೇ ಬರೆದಿಟ್ಟಿದ್ದರು. ಆ ಕಾಲದಲ್ಲಿ ಇದಕ್ಕೆ ದೊಡ್ಡ ಕಾರಣ ಟಿಬಿಯೇ. ಪಶ್ಚಿಮದ ದೇಶಗಳಲ್ಲಿ ಈಗ ದೇಹವೇ ತನ್ನ ಗ್ರಂಥಿಯನ್ನು ಹಾಳುಮಾಡಿಕೊಳ್ಳುವ ಕೇಸುಗಳು ಜಾಸ್ತಿ. ನಮ್ಮಲ್ಲಿ ಟಿಬಿ ಇನ್ನೂ ಪಟ್ಟಿಯಲ್ಲಿದೆ.

"ಹಾಗಾದ್ರೆ ಟೆನ್ಶನ್‌ನಿಂದ ಆಗಿದ್ದಲ್ವಾ?" ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು. ಟೆನ್ಶನ್ನಿಗೆ ಈ ಗ್ರಂಥಿ ಸವೆಯುವುದಿಲ್ಲ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಬಗೆಬಗೆಯಾಗಿ ಹಿಂಸೆಗೆ ಒಡ್ಡಿ ನೋಡಿದಾಗ ಅವುಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಅಂದರೆ ಜಾಸ್ತಿ ಕೆಲಸ ಮಾಡುತ್ತಿತ್ತು. ನನ್ನ ಗ್ರಂಥಿಯನ್ನು ತಿಂದದ್ದು ಟಿಬಿ, ನಿಧಾನವಾಗಿ, ವರ್ಷಗಟ್ಟಲೆ. ಹತ್ತರಲ್ಲಿ ಒಂಬತ್ತು ಪಾಲು ಹೋಗುವವರೆಗೂ ಮನುಷ್ಯನಿಗೆ ಗೊತ್ತೇ ಆಗದೆ ಇರಬಹುದು. ಉಳಿದ ಒಂದು ಪಾಲಿನಲ್ಲಿ ಸಾಮಾನ್ಯ ದಿನ ಕಳೆಯುತ್ತದೆ. ಆಡಿಟ್ಟು, ನಿದ್ದೆಗೇಡು, ಆಟ ಎಲ್ಲಾ ಒಟ್ಟಿಗೆ ಬಂದಾಗ ಕೊರತೆ ಹೊರಗೆ ಬಿತ್ತು. ಲೆಕ್ಕದವನಿಗೆ ಇದು ತಕ್ಷಣ ಅರ್ಥವಾಯಿತು. ಹಣ ಯಾವಾಗಲೋ ಹೋಗಿರುತ್ತದೆ, ಸಿಕ್ಕಿಬೀಳುವುದು ಮಾರ್ಚಿನಲ್ಲಿ.

ಬಣ್ಣದ ವಿಷಯವೂ ಆಗಲೇ ತಿಳಿಯಿತು. ಕಾರ್ಟಿಸಾಲ್ ಬರುತ್ತಿಲ್ಲ ಅಂತ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಯುತ್ತಲೇ ಇರುತ್ತದೆ. ಅದು ಮಿತಿ ಮೀರಿದಾಗ ಚರ್ಮದ ಬಣ್ಣದ ಕಣಗಳನ್ನೂ ಕೆಣಕುತ್ತದೆ.

ಮದ್ದು ಸರಳ. ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮಾತ್ರೆ, ಎದ್ದ ಕೂಡಲೇ 10 ಮಿಲಿಗ್ರಾಂ, ಮಧ್ಯಾಹ್ನ 5, ಸಂಜೆ ನಾಲ್ಕಕ್ಕೆ 5. ಉಪ್ಪು ಹಿಡಿದಿಡಲು ಫ್ಲುಡ್ರೋಕಾರ್ಟಿಸೋನ್ ಒಂದು. ನಾಲ್ಕನೇ ದಿನ ಮಸಾಲೆ ದೋಸೆ ತಿಂದೆ. ಹದಿನೈದು ದಿನಕ್ಕೆ ಭರಣಿ ನೀರಿನ ನೆನಪೂ ಹೋಯಿತು. (ಈ ಅಳತೆ ನನ್ನದು, ಯಾರೂ ನಕಲು ಮಾಡಬೇಡಿ.)

ಕಷ್ಟ ಇದ್ದದ್ದು ಬೇರೆ ಕಡೆ. ಒಳ್ಳೆ ಗ್ರಂಥಿ ಇದ್ದವರಿಗೆ ಜ್ವರ ಬಂದರೆ, ಕಾಲು ಮುರಿದರೆ, ಕಾರ್ಟಿಸಾಲ್ ತಾನೇ ಏರುತ್ತದೆ. ನನಗೆ ಅದನ್ನು ಕೈಯಿಂದ ಬರೆಯಬೇಕು. ಯಾವ ಖರ್ಚಿಗೆ ಎಷ್ಟು ಅಂತ ನಾನೇ ತೀರ್ಮಾನ ಮಾಡಬೇಕು. ಮೊದಲ ವರ್ಷ ದಡ್ಡನ ಹಾಗೆ ಎಲ್ಲಾ ಟೆನ್ಶನ್ನಿಗೂ ಮಾತ್ರೆ ನುಂಗಿದೆ. ಸೊಸೈಟಿಯ ಮಹಾಸಭೆಗೆ ಒಂದು. ದಾಯಾದಿಗಳ ಜೊತೆ ಸೊಪ್ಪಿನ ಬೆಟ್ಟದ ಗಡಿ ಜಗಳಕ್ಕೆ ಒಂದು. ಸುಳ್ಳು ಯಾಕೆ, ನುಂಗಿದರೆ ಒಂಥರಾ ಹುರುಪು ಬರುತ್ತಿತ್ತು. ಆರು ತಿಂಗಳಲ್ಲಿ ಮುಖ ದುಂಡಗಾಯಿತು, ಸೊಂಟದ ಡಾಬು ಕೂಡಲಿಲ್ಲ, ಶುಗರ್ ಗಡಿ ಮುಟ್ಟಿತು. ಡಾಕ್ಟರಮ್ಮ ಬೈದರು. "ಕಾರ್ಟಿಸಾಲ್ ಕಮ್ಮಿ ಆದ್ರೆ ಅಡಿಸನ್, ಜಾಸ್ತಿ ಆದ್ರೆ ಕುಶಿಂಗ್. ನೀವು ಎರಡನ್ನೂ ಒಂದೇ ಜನ್ಮದಲ್ಲಿ ನೋಡ್ಬೇಕು ಅಂತಿದೀರಾ?"

ಆಮೇಲೆ ಅವರೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅದು ನನ್ನ ಕಿರ್ದಿ ಪುಸ್ತಕದ ರಟ್ಟಿಗೆ ಅಂಟಿದೆ. ಜಗಳ, ಮೀಟಿಂಗು, ಪರೀಕ್ಷೆಯ ರಿಸಲ್ಟು: ಏನೂ ಬೇಡ. ಜ್ವರ 100.4 ದಾಟಿದರೆ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು, ಇಳಿದ ಮೇಲೆ ಮತ್ತೆ ಮೊದಲಿನ ಹಾಗೆ. ಹಲ್ಲು ಕೀಳಿಸುವ ಮೊದಲು ಜಾಸ್ತಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯಬೇಡಿ, ಇಂಜೆಕ್ಷನ್. ಅಪ್ಪ ತೀರಿಕೊಂಡಾಗ ಫೋನ್ ಮಾಡಿ ಕೇಳಿದೆ. ಎರಡು ದಿನ ದುಪ್ಪಟ್ಟು ತಗೊಳ್ಳಿ ಅಂದರು. ದುಃಖಕ್ಕೂ ಒಂದು ಅಳತೆ ಇದೆ ಅಂತ ಅವತ್ತು ಗೊತ್ತಾಯಿತು.

ಇಂಜೆಕ್ಷನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ, ಸಣ್ಣ ಬಾಟ್ಲಿಯಲ್ಲಿ ಪುಡಿ. ನೀರು ಹಾಕಿ ಕರಗಿಸಿ ತೊಡೆಗೆ ಕೊಡಬೇಕು. ಹೆಂಡತಿ ಬದನೆಕಾಯಿಗೆ ಚುಚ್ಚಿ ಕಲಿತಳು. ಎರಡು ವರ್ಷದ ಹಿಂದೆ ಜುಲೈಯಲ್ಲಿ ಅದು ಉಪಯೋಗಕ್ಕೆ ಬಂತು. ರಾತ್ರಿ ಹನ್ನೊಂದಕ್ಕೆ ವಾಂತಿ ಶುರು. ಒಂದೂವರೆಗೆ ನಾನು ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲವಂತೆ. ಹೊರಗೆ ಜಡಿಮಳೆ, ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿತ್ತು. ಮಗಳು ಟಾರ್ಚ್ ಹಿಡಿದಳು. ಬಾಟ್ಲಿ ಅಲ್ಲಾಡಿಸುವಾಗ ಹೆಂಡತಿಯ ಬಳೆ ಸದ್ದು ಮಾಡಿದ್ದು ನನಗೆ ನೆನಪಿದೆ, ಬೇರೆ ಏನೂ ನೆನಪಿಲ್ಲ. ಮರ ಕಡಿದು ಆಸ್ಪತ್ರೆ ಮುಟ್ಟಿದಾಗ ಬೆಳಗಿನ ನಾಲ್ಕೂವರೆ. ಡ್ಯೂಟಿಯಲ್ಲಿದ್ದವರು ಗ್ಯಾಸ್ ಇರಬೇಕು, ಟೆನ್ಶನ್ ಇರಬೇಕು ಅಂದರು. ಮತ್ತದೇ! ಹೆಂಡತಿ ನನ್ನ ಪಾಕೀಟಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅಡ್ರಿನಲ್ ಕೊರತೆ, ಸ್ಟಿರಾಯ್ಡ್ ನಿಲ್ಲಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು. ಓದಿದ ಮೇಲೆ ಅವರೇ ಓಡಾಡಿ ಸಲೈನ್ ಹಾಕಿಸಿದರು, ಇನ್ನೊಂದು ಡೋಸೂ ಕೊಟ್ಟರು.

ಸ್ಟಿರಾಯ್ಡ್ ಅಂದಾಗ ನಮ್ಮೂರ ಒಬ್ಬ ಅಜ್ಜಿ ನೆನಪಾಗುತ್ತಾರೆ. ಮಂಡಿನೋವಿಗೆ ಹೆಸರಿಲ್ಲದ ಪುಡಿ ಎರಡು ವರ್ಷ ತಿಂದರು. ನೋವು ಮಾಯ, ಮುಖ ಮಾತ್ರ ಹುಣ್ಣಿಮೆ ಚಂದ್ರ. ಪುಡಿ ಸಿಗದೆ ಒಮ್ಮೆಲೇ ನಿಂತಿತು, ಅಜ್ಜಿ ಹಾಸಿಗೆ ಹಿಡಿದರು. ಪುಡಿಯಲ್ಲಿ ಇದ್ದದ್ದು ಸ್ಟಿರಾಯ್ಡ್ ಅಂತ ಆಸ್ಪತ್ರೆಯಲ್ಲಿ ತಿಳಿಯಿತು. ಹೊರಗಿಂದ ದಿನಾ ಬರುತ್ತಿದ್ದರೆ ಒಳಗಿನ ಗ್ರಂಥಿ ನಿದ್ದೆಗೆ ಹೋಗುತ್ತದೆ. ಎಬ್ಬಿಸಬೇಕಾದರೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೊಬೈಲಿನಲ್ಲಿ 'ಅಡ್ರಿನಲ್ ಸುಸ್ತು' ಅಂತ ಹೆಸರಿಟ್ಟು ಕ್ಯಾಪ್ಸೂಲ್ ಮಾರುತ್ತಾರಲ್ಲ, ಅಂಥ ಕಾಯಿಲೆಯನ್ನು ಹಾರ್ಮೋನ್ ತಜ್ಞರು ಒಪ್ಪುವುದಿಲ್ಲ. ಸುಸ್ತು ನಿಜ ಇರಬಹುದು. ಕಾರಣ ಥೈರಾಯ್ಡೋ, ರಕ್ತ ಕಮ್ಮಿಯೋ, ನಿದ್ದೆಯೋ ಅಂತ ಹುಡುಕಬೇಕಾಗುತ್ತದೆ, ಅಲ್ವಾ?

ವೇಷ ಬಿಟ್ಟಿಲ್ಲ. ಈಗ ಹೆಚ್ಚಿನವು ಕಾಲಮಿತಿ ಆಟ, ರಾತ್ರಿ ಒಂದಕ್ಕೆಲ್ಲ ಮುಗಿಯುತ್ತವೆ. ಅದು ನನಗೆ ಅನುಕೂಲ, ಹಳಬರು ಬೈಯಲಿ ಬಿಡಿ. ಡಾಕ್ಟರಮ್ಮನನ್ನು ಕೇಳಿಯೇ, ಬಣ್ಣಕ್ಕೆ ಕೂರುವ ಮೊದಲು ಅರ್ಧ ಮಾತ್ರೆ ಜಾಸ್ತಿ ತಗೊಳ್ಳುತ್ತೇನೆ. ವೇಷದ ಬಟ್ಟೆಯೊಳಗೆ ಬೆವರು ಹರಿದು ಉಪ್ಪು ಹೋಗುತ್ತದೆ, ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆ ಒಂದು ಬಾಟ್ಲಿ. ಬೆಳಿಗ್ಗೆ ತಡವಾಗಿ ಎದ್ದರೆ ಮೊದಲ ಮಾತ್ರೆಯೂ ತಡ, ಗಡಿಯಾರ ನೋಡುವುದಿಲ್ಲ, ಎಚ್ಚರ ನೋಡುತ್ತೇನೆ. ರಂಗದ ಹಿಂದೆ ನಿಂತಾಗ ಎದೆ ಮೊದಲಿನ ಹಾಗೇ ಬಡಿಯುತ್ತದೆ. ಅದಕ್ಕೆ ಮಾತ್ರೆ ಇಲ್ಲ, ಬೇಕಾಗಿಯೂ ಇಲ್ಲ.

ಇಂಜೆಕ್ಷನ್ ಪೊಟ್ಟಣ ನನ್ನ ಪೆಟ್ಟಿಗೆಯಲ್ಲಿ ಗೆಜ್ಜೆಯ ಪಕ್ಕ ಇರುತ್ತದೆ. ನಮ್ಮ ಚೆಂಡೆಯವನಿಗೆ ಅದು ಎಲ್ಲಿದೆ ಅಂತ ಗೊತ್ತು. ಹೋದ ತಿಂಗಳು ಅವನೂ ಬದನೆಕಾಯಿಗೆ ಚುಚ್ಚಿ ಕಲಿತ. ಕೈ ಮಾತ್ರ ಸ್ವಲ್ಪ ಜೋರು.